ಮೂರು ಕೋವಿ ಎರಡಾಯಿತು, ಎರಡು ಒಂದಾಗಬೇಕು

ಕಪಾಟಿನಲ್ಲಿ ಈಗ ಎರಡು ಕೋವಿ ಇವೆ. ಒಂದು ಅಜ್ಜನ ಕಾಲದ ಕೇಪಿನ ಕೋವಿ, ಬಾಯಿಯಿಂದ ಮದ್ದು ತುಂಬಿ ಹಿಂದೆ ಕೇಪು ಇಟ್ಟು ಹಾರಿಸುವಂಥದ್ದು. ಇನ್ನೊಂದು ಅಪ್ಪ ತೆಗೆದುಕೊಂಡ ಬರ್ಮಿಂಗ್‌ಹ್ಯಾಮ್‌ನ ಜೋಡಿನಳಿಗೆ, 12 ಬೋರು (ನಳಿಗೆಯ ಒಳ ಅಗಲದ ಅಳತೆ). ನಾನೇ ತಂದಿದ್ದ ಒಂಟಿನಳಿಗೆಯೂ ಒಂದಿತ್ತು, ಅದು ಹೋಗಿ ಕೆಲವು ವರ್ಷ ಆಯಿತು. ಶಿರಸಿ ಸುತ್ತಿನ ಅಡಿಕೆ ತೋಟದ ಮನೆಗಳಲ್ಲಿ ಒಂದು ಕೋವಿ ಇರುವುದು ಹೊಸತಲ್ಲ. ಮೂರು ಅಂದರೆ ಮಾತ್ರ ಜನ ಒಂಥರಾ ನೋಡುತ್ತಾರೆ. ನನಗೆ ಬೇಟೆಯ ಹುಚ್ಚು ಯಾವತ್ತೂ ಇರಲಿಲ್ಲ. ನಳಿಗೆ ಹಿಡಿಮರಕ್ಕೆ ಕೂರುವ ರೀತಿ, ಮಡಚಿದ ಕೋವಿ ಮುಚ್ಚಿಕೊಳ್ಳುವಾಗ ಬರುವ ಆ ಸದ್ದು, ನನ್ನ ಹುಚ್ಚು ಅಷ್ಟೇ.

ಎಪ್ಪತ್ತು ದಾಟಿದ ಮೇಲೆ ಈ ಹವ್ಯಾಸದ ದಿಕ್ಕು ತಿರುಗಿದೆ. ಕಣ್ಣಿನ ಪೊರೆ ತೆಗೆಸಿಯಾಗಿದೆ. ಬಲಗೈ ಬೆಳಗಿನ ಹೊತ್ತು ಸ್ವಲ್ಪ ನಡುಗುತ್ತದೆ. ಸಹಿ ನೆಟ್ಟಗೆ ಬೀಳುತ್ತಿರುವಾಗಲೇ ಕೋವಿಗಳನ್ನು ಮುಂದಿನವರ ಹೆಸರಿಗೆ ದಾಟಿಸಬೇಕು, ಈಗ ಹಿಡಿದಿರುವ ಕೆಲಸ ಅದು. ಎಲ್ಲಿಗೆ ಬಂತು ಅಂತ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಕಾಗದದ ಕಟ್ಟು ಹಿಡಿದು ಕೂತವರು ಈ ಜಿಲ್ಲೆಯಲ್ಲಿ ಇನ್ನೂ ಇದ್ದಾರು.

ಮೊದಲು ಹೋದದ್ದು

ಆಯುಧ ಕಾಯ್ದೆಯ 1983ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರೇ ಕೋವಿ ಅಂತ ಮಿತಿ ಬಂದಿತ್ತು. 2019ರ ಡಿಸೆಂಬರಿನಲ್ಲಿ ಅದು ಎರಡಕ್ಕೆ ಇಳಿಯಿತು. ಹಿರಿಯರಿಂದ ಬಂದದ್ದಾದರೂ ಎರಡೇ. ಹೆಚ್ಚಿಗೆ ಇದ್ದವರು ಒಂದು ವರ್ಷದೊಳಗೆ ಠಾಣೆಗೋ, ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಬೇಕು ಅಂತಾಯಿತು. ಅದೇ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ವಯಸ್ಸಾದವರಿಗೆ ಇದು ಸಣ್ಣ ಉಪಕಾರ ಅಲ್ಲ. ನಮಗೆ ಲೈಸೆನ್ಸ್ ಕೊಡುವ ಜಿಲ್ಲಾಧಿಕಾರಿ ಕಚೇರಿ ಇರುವುದು ಕಾರವಾರದಲ್ಲಿ. ದೇವಿಮನೆ ಘಾಟಿ ಇಳಿದು, ಕುಮಟಾ ಅಂಕೋಲಾ ದಾಟಿ ಹೋಗಿ ಬರುವಷ್ಟರಲ್ಲಿ ಸೊಂಟ ತನ್ನ ಕಥೆ ಹೇಳಲು ಶುರು ಮಾಡುತ್ತದೆ.

ಮೂರರಲ್ಲಿ ಯಾವುದನ್ನು ಬಿಡುವುದು? ಕೇಪಿನದ್ದು ಕೊಟ್ಟುಬಿಡು, ಅದರಿಂದ ಏನುಪಯೋಗ ಅಂತ ಎಲ್ಲರೂ ಹೇಳಿದರು. ನಾನು ಒಂಟಿನಳಿಗೆ ಬಿಟ್ಟೆ. ಚೆನ್ನಾಗಿ ಕೆಲಸ ಮಾಡುತ್ತಿದ್ದದ್ದು ಅದೇ, ನಿಜ. ಆದರೆ ಅಂಥದ್ದು ನೂರು ಸಿಗುತ್ತದೆ. ಅಜ್ಜನದ್ದು ಇನ್ನೊಂದು ಸಿಗುವುದಿಲ್ಲ. ಡೀಲರ್ ಮೂಲಕವೇ ಸಾಗಹಾಕಿದೆ. ಲೈಸೆನ್ಸ್ ಇರುವ ಇನ್ನೊಬ್ಬರಿಗೆ ನೇರವಾಗಿಯೂ ಮಾರಬಹುದು, ಆದರೆ ಮೊದಲೇ ಜಿಲ್ಲಾಧಿಕಾರಿಗೋ ಠಾಣೆಗೋ ತಿಳಿಸಿ 45 ದಿನ ಕಾಯಬೇಕು. ಕೈಗೆ ಕೈ ಬದಲಾಯಿಸುವ ವ್ಯವಹಾರ ಇದರಲ್ಲಿ ಇಲ್ಲ.

ಮಳೆಗೆ ಮುಂಚೆ: ಕಾಗದ ಮತ್ತು ನಂಬರು

ಅಜ್ಜನ ಹಳೇ ಲೈಸೆನ್ಸ್ ಪುಸ್ತಕ ಮುಂಬಯಿ ಸರ್ಕಾರದ್ದು. 1956ರವರೆಗೆ ನಮ್ಮ ಜಿಲ್ಲೆ ಆ ಕಡೆಗೇ ಇತ್ತಲ್ಲ. ಅಲ್ಲಿಂದ ಇವತ್ತಿನ ಯುಐಎನ್, ಅಂದರೆ ಲೈಸೆನ್ಸುದಾರರಿಗೆ ಕಂಪ್ಯೂಟರಿನಲ್ಲಿ ಕೊಡುವ ಗುರುತಿನ ನಂಬರಿನವರೆಗೆ ಎಲ್ಲ ಕಾಗದ ಜಗುಲಿಯ ಮೇಲೆ ಹರವಿ, ಪ್ರತಿಯೊಂದರಲ್ಲಿ ಬರೆದ ಕೋವಿಯ ನಂಬರನ್ನು ಕೋವಿಯ ಮೇಲಿದ್ದ ನಂಬರಿಗೆ ತಾಳೆ ನೋಡಿದೆವು. ನಾನು ಭೂತಗನ್ನಡಿ ಹಿಡಿದು ಓದುವುದು, ಮಗಳು ಬರೆದುಕೊಳ್ಳುವುದು. ಜೋಡಿನಳಿಗೆಯ ನಂಬರಿನಲ್ಲಿ ಒಂದು ಕಡೆ 1 ಇದ್ದದ್ದು ಕಂಪ್ಯೂಟರಿಗೆ ಏರುವಾಗ 7 ಆಗಿತ್ತು. ನಾನು ಬದುಕಿರುವಾಗ ಸಿಕ್ಕಿತು, ಅರ್ಜಿ ಕೊಟ್ಟು ಸರಿಮಾಡಿಸಿದೆ. ನಾನಿಲ್ಲದಾಗ ಸಿಕ್ಕಿದ್ದರೆ ಮಕ್ಕಳ ಕೈಯಲ್ಲಿರುವ ಕೋವಿಯೇ ಬೇರೆ, ಕಾಗದದ ಕೋವಿಯೇ ಬೇರೆ ಅಂತಾಗುತ್ತಿತ್ತು.

ಕೇಪಿನ ಕೋವಿಯ ಬಗ್ಗೆ ಊರಲ್ಲಿ ಒಂದು ನಂಬಿಕೆ ಇದೆ. ಹಳೆಯದು, ನೂರು ವರ್ಷದ್ದು, ಅದಕ್ಕೆಂಥ ಲೈಸೆನ್ಸು ಅಂತ. ಕಾನೂನು ಹಾಗೆ ಹೇಳುವುದಿಲ್ಲ. 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇರುವುದು, ಹಳೇ ಮಾದರಿಯದೋ ಪುರಾತನ ಬೆಲೆಯದೋ ಕೆಟ್ಟದ್ದೋ ಆಗಿದ್ದು, ದುರಸ್ತಿ ಮಾಡಿದರೂ ಈಡು ಹಾರದಂಥ ಕೋವಿಗೆ ಮಾತ್ರ. ದುರಸ್ತಿ ಮಾಡಿದರೂ ಅನ್ನುವ ಮಾತನ್ನು ಎಲ್ಲರೂ ನುಂಗಿಬಿಡುತ್ತಾರೆ. ಅಜ್ಜನ ಕೋವಿಗೆ ಹೊಸ ಕೇಪು ಇಟ್ಟರೆ ಈಗಲೂ ಹಾರುತ್ತದೆ. ಹಾಗಾಗಿ ಅದು ಎರಡರ ಲೆಕ್ಕದಲ್ಲೇ ಬರುತ್ತದೆ. ಹಾರದಂತೆ ಮಾಡಿಸಿ ಗೋಡೆಗೆ ತೂಗುಹಾಕು ಅಂತ ಸಲಹೆ ಬಂತು. ಮನಸ್ಸು ಒಪ್ಪಲಿಲ್ಲ. ಬೆಳೆ ರಕ್ಷಣೆಯ ಲೈಸೆನ್ಸಿನಲ್ಲೇ ಇರಲಿ.

ಅಟ್ಟದ ಮೇಲೆ ಇಂಥ ಕೋವಿ ಸಿಕ್ಕವರಿಗೆ ಒಂದು ಮಾತು. ಮೊದಲು ಅದರಲ್ಲಿ ಮದ್ದು ಇದೆಯೋ ನೋಡಬೇಕು. ಕೇಪಿನ ಕೋವಿಯನ್ನು ಹಿಂದಿನಿಂದ ತೆಗೆದು ನೋಡಲು ಆಗುವುದಿಲ್ಲ. ಬಾಯಿ ಯಾರ ಕಡೆಗೂ ಇರಬಾರದು, ಮುಖವನ್ನೂ ಬಗ್ಗಿಸಬಾರದು. ಗಜವನ್ನು, ಅಂದರೆ ಮದ್ದು ಗಿಡಿಯುವ ಉದ್ದ ಕಡ್ಡಿಯನ್ನು, ನಳಿಗೆಯೊಳಗೆ ಮೆಲ್ಲಗೆ ಪೂರ್ತಿ ಇಳಿಸಿ, ಬಾಯಿಯ ಹತ್ತಿರ ಗುರುತು ಮಾಡಿ. ಆಮೇಲೆ ಹೊರತೆಗೆದು, ಗುರುತನ್ನು ಬಾಯಿಗೆ ಸರಿಹೊಂದಿಸಿ ನಳಿಗೆಯ ಪಕ್ಕಕ್ಕೆ ಹಿಡಿದು ನೋಡಿ. ಗಜದ ತುದಿ ಕೇಪು ಕೂರುವ ಜಾಗದ ತನಕ ಬಂದರೆ ಒಳಗೆ ಖಾಲಿ. ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಈಡು ಕೂತಿದೆ ಅಂತ ಅರ್ಥ. ಕೋವಿಮಸಿ, ಅಂದರೆ ಆ ಕಪ್ಪು ಮದ್ದು, ಒಣಗಿದ್ದರೆ ಎಷ್ಟೋ ವರ್ಷ ಸಾಯುವುದಿಲ್ಲ. ಅಂಥದ್ದನ್ನು ಮನೆಯಲ್ಲಿ ಕೆದಕಬಾರದು, ಬಲ್ಲವರ ಕೈಗೆ ಹೋಗಬೇಕು.

ಆಷಾಢ, ಶ್ರಾವಣ: ತುಕ್ಕು

ಮಳೆಗಾಲದಲ್ಲಿ ನಮ್ಮಲ್ಲಿ ಉಪ್ಪಿನಕಾಯಿ ಭರಣಿಯ ಬಟ್ಟೆಗೂ ಬೂಸು ಹಿಡಿಯುತ್ತದೆ. ಕಬ್ಬಿಣ ಯಾವ ಲೆಕ್ಕ? ಅಪ್ಪನ ಕಾಲದ ಚರ್ಮದ ಚೀಲ ನೋಡಲು ಚೆಂದ, ಆದರೆ ಅದರೊಳಗೆ ಕೋವಿ ಇಡಬಾರದು. ಚರ್ಮ ತೇವ ಹೀರಿ ಹಿಡಿದಿಡುತ್ತದೆ, ಹದ ಮಾಡಿದ ಉಪ್ಪಿನಂಶವೂ ಅದರಲ್ಲಿ ಇರುತ್ತದೆ. ಚೀಲ ಈಗ ಬೇರೆ ಗೂಟಕ್ಕೆ. ಕೋವಿ ಕಬ್ಬಿಣದ ಕಪಾಟಿನಲ್ಲಿ, ಜೊತೆಗೆ ಸಿಲಿಕಾ ಜೆಲ್ ಪುಡಿಕೆಗಳು. ತೋಟಾ, ಅಂದರೆ ಕಾಡತೂಸು, ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ. ಸುರಕ್ಷಿತವಾಗಿ ಬೀಗ ಹಾಕಿ ಇಡುತ್ತೇನೆ ಅಂತ ಲೈಸೆನ್ಸಿಗೆ ಮುಚ್ಚಳಿಕೆ ಬರೆದುಕೊಟ್ಟಿರುತ್ತೇವಲ್ಲ, ಅದು ಸುಮ್ನೆ ಕಾಗದಕ್ಕೆ ಮಾತ್ರ ಅಲ್ಲ.

ನಳಿಗೆಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ನಮ್ಮ ಕಡೆ ಇದೆ. ಅದು ಚಳಿಗೆ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗಿ ಕುದುರೆಯ (ಕೇಪಿಗೆ ಬಡಿಯುವ ಸುತ್ತಿಗೆಯ) ಸಂದಿಯಲ್ಲಿ ಧೂಳು ಹಿಡಿಯುತ್ತದೆ. ಹೊಲಿಗೆ ಮಷಿನ್ನಿನ ತೆಳು ಎಣ್ಣೆಯೇ ಸಾಕು. ಹಿಡಿಮರಕ್ಕೆ ಅಗಸೆ ಎಣ್ಣೆ, ಅಂಗೈಯಲ್ಲಿ ಬಿಸಿಯಾಗುವ ತನಕ ತಿಕ್ಕಿ, ತೀರಾ ತೆಳ್ಳಗೆ. ಎಣ್ಣೆ ಹಾಕಿದ ಕೋವಿಯನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸುತ್ತೇನೆ. ನೆಟ್ಟಗೆ ನಿಲ್ಲಿಸಿದರೆ ಎಣ್ಣೆ ಇಳಿದು ಇಳಿದು ಹಿಡಿಮರದ ಕೊರಳಿಗೆ ಸೇರುತ್ತದೆ. ಅಲ್ಲಿನ ಮರ ಮೆತ್ತಗಾದರೆ ಮುಂದೊಂದು ದಿನ ಬಿರುಕು.

ಜೋಡಿನಳಿಗೆಯ ಮುಂಗಟ್ಟು, ಅಂದರೆ ನಳಿಗೆಯ ಕೆಳಗಿನ ಮರ, ಬಿಚ್ಚಿ ನಳಿಗೆಗಳನ್ನು ತಿರುಗಿಸಿದರೆ ಅಡಿಯಲ್ಲಿ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ, ಅಂದರೆ ಕೋವಿಗಳನ್ನು ಹಾರಿಸಿ ಪರೀಕ್ಷಿಸುವ ಸಂಸ್ಥೆಯ ಮುದ್ರೆಗಳು. ಅಕ್ಕಿಕಾಳಿನಷ್ಟು ಸಣ್ಣ ಅಕ್ಷರ. ವಜ್ರಾಕಾರದ ಗೆರೆಯೊಳಗೆ 12, ಅದರ ಕೆಳಗೆ ಸಿ. ನೈಟ್ರೋ ಪ್ರೂಫ್ ಅಂತ ಒಂದು ಸಾಲು, ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ ಅಂತ ಅರ್ಥ. ಪಕ್ಕದಲ್ಲಿ ಎರಡೂವರೆ ಇಂಚು. ಈ ಎರಡೂವರೆಯೇ ಮುಖ್ಯ, ತೋಟಾ ಕೂರುವ ಕೋಣೆಯ ಉದ್ದ ಅದು. ಈಗ ಅಂಗಡಿಯಲ್ಲಿ ಸಿಗುವ ಬಹಳಷ್ಟು ತೋಟಾ 70 ಮಿಲಿಮೀಟರಿನದ್ದು, ಅಂದರೆ ಎರಡೂಮುಕ್ಕಾಲು ಇಂಚು. ಆ ಅಳತೆ ಬಾಯಿ ಬಿಚ್ಚಿದ ಮೇಲಿನದು. ಮಡಚಿದ ತೋಟಾ ಗಿಡ್ಡ ಇರುವುದರಿಂದ ಹಳೇ ಕೋವಿಯೊಳಗೂ ಸಲೀಸಾಗಿ ಕೂರುತ್ತದೆ. ಹಾರಿಸಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೂತಿತು ಅಂದ ಮಾತ್ರಕ್ಕೆ ಸರಿ ಅಂತ ಅಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಪಾಟಿನ ಬಾಗಿಲಿನ ಒಳಗೆ ಅಂಟಿಸಿದ್ದೇನೆ. ಮುಂದೆ ತೆಗೆಯುವವರು ನಾನಲ್ಲವಲ್ಲ.

ದಸರೆಯ ಹೊತ್ತಿಗೆ: ಯಾರಿಗೆ

ಮನೆಯಲ್ಲಿ ಹೆಚ್ಚು ಮಾತಾದದ್ದು ಇದೇ. ಲೈಸೆನ್ಸುದಾರ ತೀರಿಕೊಂಡ ಮೇಲೆ ಕೋವಿ ತಾನಾಗಿಯೇ ಮಕ್ಕಳದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ತೋಟ ಹಾಗೆ ಬರಬಹುದು, ಕೋವಿ ಬರುವುದಿಲ್ಲ. ಅದನ್ನು ತಡಮಾಡದೆ ಠಾಣೆಯಲ್ಲೋ ಡೀಲರ್ ಹತ್ತಿರವೋ ಇಟ್ಟು, ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬೇಕು. ಹನ್ನೆರಡನೇ ದಿನದ ಊಟ ಮುಗಿಸಿ ನೆಂಟರೆಲ್ಲ ಹೋದ ಮೇಲೂ ಕೋವಿ ಅಟ್ಟದಲ್ಲೇ ಇದ್ದರೆ, ಆ ಮನೆಯವರು ಗೊತ್ತಿಲ್ಲದೇ ಲೈಸೆನ್ಸ್ ಇಲ್ಲದ ಕೋವಿ ಇಟ್ಟುಕೊಂಡ ಹಾಗೆ. 2019ರ ನಂತರ ಇದಕ್ಕೆ ಎರಡರಿಂದ ಐದು ವರ್ಷ ಜೈಲು.

ಆದರೆ ಸಾಯುವ ತನಕ ಕಾಯಬೇಕಿಲ್ಲ. 2016ರ ಆಯುಧ ನಿಯಮಗಳಲ್ಲಿ 25ನೇ ನಿಯಮ ಓದಿ. ಲೈಸೆನ್ಸುದಾರನಿಗೆ 70 ವರ್ಷ ಆದಾಗ, ಇಲ್ಲವೇ ಕೋವಿ ಇಟ್ಟುಕೊಂಡು 25 ವರ್ಷ ಆದಾಗ, ಯಾವುದು ಮೊದಲೋ ಆಗ, ಅವನೇ ಹೆಸರು ಹೇಳಿದ ವಾರಸುದಾರರಿಗೆ ಲೈಸೆನ್ಸ್ ಕೊಡಬಹುದು. ನನಗೆ ಎರಡೂ ಆಗಿದೆ.

ಮಗ ಬೆಂಗಳೂರಿನಲ್ಲಿ. ಅವನಿಗೆ ಅಜ್ಜನ ಕೋವಿಯ ಮೇಲೆ ಪ್ರೀತಿ ಬಹಳ, ಬಂದಾಗೆಲ್ಲ ಅದರ ಜೊತೆ ಫೋಟೋ. ಮಗಳು ಇಲ್ಲೇ ತೋಟ ನೋಡಿಕೊಳ್ಳುತ್ತಾಳೆ, ಅವಳಿಗೆ ಪ್ರೀತಿ ಅಷ್ಟಕ್ಕಷ್ಟೇ. ನಾನು ಮಗಳ ಹೆಸರು ಬರೆದೆ. ಕೋವಿ ಎಲ್ಲಿರುತ್ತದೋ ಅಲ್ಲಿರುವವರ ಹೆಸರಲ್ಲೇ ಲೈಸೆನ್ಸ್ ಇರಬೇಕು ಅನ್ನುವುದು ನನ್ನ ಲೆಕ್ಕ. ನವೀಕರಣಕ್ಕೆ ಓಡುವುದು, ಠಾಣೆಗೆ ಒಯ್ಯುವುದು, ಮಳೆಯಲ್ಲಿ ಎಣ್ಣೆ ಒರೆಸುವುದು ಯಾವುದನ್ನೂ ಫೋನಿನಲ್ಲಿ ಮಾಡಲು ಆಗುವುದಿಲ್ಲ. ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಈಗ ಮುದುಕ ಮುದುಕಿ ಇಬ್ಬರೇ. ಅಲ್ಲಿ ಕೋವಿ ಬಿಟ್ಟುಬಿಡುವುದೇ ಒಳ್ಳೆಯದು ಅಂತ ನನಗೆ ಅನಿಸುತ್ತದೆ, ಬೈದುಕೊಂಡರೂ ಸರಿ. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ತನ್ನ ತಕರಾರಿಲ್ಲ ಅಂತ ಅಫಿಡವಿಟ್ ಮಾಡಿಸಿ ಕಳಿಸಿದ.

ಜೋಡಿನಳಿಗೆ ಮೊದಲು ಮಗಳಿಗೆ. ಕೇಪಿನದ್ದು ಸದ್ಯ ನನ್ನ ಹೆಸರಲ್ಲೇ. ಅವಳ ಅರ್ಜಿ ಹೋಗಿದೆ, ವೈದ್ಯರ ಸರ್ಟಿಫಿಕೇಟೂ ಆಯಿತು. ಕೋವಿ ಬಳಸುವ ತರಬೇತಿಯ ಸರ್ಟಿಫಿಕೇಟು ಬಾಕಿ. ನಮ್ಮ ರಾಜ್ಯದಲ್ಲಿ ಪೊಲೀಸರೇ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುವುದುಂಟು, ಅದಕ್ಕೆ ಕಾಯುತ್ತಿದ್ದಾಳೆ. ಕೊಡಗಿನವರಿಗೆ ಇದ್ಯಾವುದೂ ಇಲ್ಲವಂತಲ್ಲ ಅಂತ ಕೇಳಿದಳು. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ 2029ರವರೆಗೆ ವಿನಾಯಿತಿ ಇದೆ, ನಾವು ಹವ್ಯಕರು ಅರ್ಜಿ ಬರೆಯುವುದೇ ಸೈ ಅಂದೆ.

ಚುನಾವಣೆ ಬಂದರೆ

ಚುನಾವಣೆ ಬಂತೆಂದರೆ ಕೋವಿ ಠಾಣೆಗೆ. 2024ರ ಲೋಕಸಭೆ ಚುನಾವಣೆಗೆ ನೀತಿಸಂಹಿತೆ ಮಾರ್ಚ್ 16ಕ್ಕೆ ಬಂತು, ನಮ್ಮಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ತೋಟಕ್ಕೆ ಮಂಗ ಇಳಿಯುವ ದಿನಗಳಲ್ಲಿ ಕೋವಿ ಊರಲ್ಲಿಲ್ಲ ಅಂತ ರೈತರ ಗೊಣಗಾಟ ಪ್ರತಿ ಸಲದ್ದು. ಗೊಣಗಾಟದಲ್ಲಿ ಅರ್ಥ ಇದೆ. ಹಾಗಂತ ಲೈಸೆನ್ಸ್ ಇದ್ದರೆ ಹಂದಿಯನ್ನೋ ಮಂಗನನ್ನೋ ಹೊಡೆಯಬಹುದು ಅಂತ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ. ನಮಗೆ ಬೇಕಾದದ್ದು ಅವನ್ನು ಓಡಿಸುವ ಸದ್ದು.

ಒಪ್ಪಿಸುವ ಮುಂಚೆ ನಳಿಗೆಯ ಒಳಗೂ ಹೊರಗೂ ಗ್ರೀಸ್ ಹಚ್ಚಿ, ಹತ್ತಿ ಬಟ್ಟೆ ಸುತ್ತಿ ಕೊಡಿ. ವಾಪಸು ಬರುವಾಗ ಮಳೆ ಹಿಡಿದಿರುತ್ತದೆ. ರಸೀತಿಯಲ್ಲಿ ನಂಬರಿನ ಜೊತೆ ಕೋವಿಯ ಸ್ಥಿತಿಯನ್ನೂ ಬರೆಸಿಕೊಳ್ಳಿ.

ನಡೆಯಲಾಗದವರಿಗೆ ಉಪಯೋಗವಾಗುವ ಒಂದು ವಿಷಯ ಆಯುಧ ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ಇದೆ. ದುರಸ್ತಿಗೋ ಲೈಸೆನ್ಸ್ ನವೀಕರಣಕ್ಕೋ ಕೋವಿ ಒಯ್ಯಬೇಕಾದರೆ, ಲೈಸೆನ್ಸುದಾರನ ಲಿಖಿತ ಒಪ್ಪಿಗೆ ಪತ್ರ ಹಿಡಿದು ಬೇರೆಯವರು ಒಯ್ಯಬಹುದು. ಪತ್ರದ ಜೊತೆ ಲೈಸೆನ್ಸೂ ಇರಲಿ.

ಬಾಕಿ ಇರುವುದು

ಜೋಡಿನಳಿಗೆಯ ಎಡಗಡೆಯ ಸೂಜಿ, ತೋಟಾಕ್ಕೆ ಬಡಿದು ಹಾರಿಸುವ ಮೊಳೆ, ಸ್ವಲ್ಪ ಸವೆದಿದೆ. ಊರ ಆಚಾರಿ ಮಾಡಿಕೊಡುತ್ತೇನೆ ಅನ್ನುತ್ತಾರೆ, ಅವರ ಕೈಕೆಲಸಕ್ಕೆ ಎರಡು ಮಾತಿಲ್ಲ. ಆದರೆ ಕೋವಿ ದುರಸ್ತಿಗೂ ಲೈಸೆನ್ಸ್ ಬೇಕು, ಅವರನ್ನು ಸಿಕ್ಕಿಸುವುದು ಬೇಡ. ಹುಬ್ಬಳ್ಳಿಗೆ ಒಯ್ಯಬೇಕು. ಅಡಿಕೆಯ ಕೊನೆಕೊಯ್ಲು ಮುಗಿಯಲಿ, ಪತ್ರ ಬರೆದು ಮಗಳ ಕೈಲೇ ಕೊಟ್ಟು ಕಳಿಸುತ್ತೇನೆ. ನನ್ನ ನವೀಕರಣಕ್ಕೆ ಇನ್ನೂ ಸಮಯ ಇದೆ, ಎರಡು ತಿಂಗಳು ಮೊದಲೇ ಅರ್ಜಿ ಹಾಕುತ್ತೇನೆ. ಕೈ ನಡುಕದ ವಿಷಯ ವೈದ್ಯರಿಗೆ ಮುಚ್ಚಿಡುವುದಿಲ್ಲ. ಆಗುವುದಿಲ್ಲ ಅಂದರೆ ಕೇಪಿನದ್ದಕ್ಕೂ ಮಗಳ ಹೆಸರೇ, ಅವಳಿಗೂ ಎರಡರವರೆಗೆ ಅವಕಾಶ ಇದೆಯಲ್ಲ.