ಕೋಚ್ ಸಹಿ ಹಾಕುವ ಆ ಒಂದು ಹಾಳೆ

ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯವೊಂದರ ಆಂತರಿಕ ಲೆಕ್ಕಪರಿಶೋಧನಾ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಅಲ್ಲಿನ ಫುಟ್‌ಬಾಲ್ ತಂಡದ ಖರ್ಚುವೆಚ್ಚದ ಪರಿಶೀಲನೆಯೂ ನಮ್ಮ ಪಾಲಿಗೆ ಬರುತ್ತದೆ. ಇಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅನೇಕ ರಾಜ್ಯಗಳಲ್ಲಿ ಸರ್ಕಾರಿ ನೌಕರರ ಪೈಕಿ ಅತಿ ಹೆಚ್ಚು ಸಂಬಳ ಪಡೆಯುವವರು ಗವರ್ನರ್ ಅಲ್ಲ, ಈ ಆಟದ ಕೋಚ್. ಆದರೆ ಆಟಗಾರನಿಗೆ ವಿದ್ಯಾರ್ಥಿವೇತನದಾಚೆಗೆ ಹಣ ಸಲ್ಲದು ಎಂಬುದು ದಶಕಗಳ ಕಾಲ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಎಂಬ ಸಂಸ್ಥೆಯ ನಿಯಮವಾಗಿತ್ತು. ಗುಟ್ಟಿನ ಹಣ ಹುಟ್ಟಿಕೊಂಡದ್ದು ಈ ಅಂತರದಲ್ಲಿಯೇ.

ಟೆಕ್ಸಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 13 ಆಟಗಾರರಿಗೆ ಸುಮಾರು 61,000 ಡಾಲರ್ ಸಂದಾಯವಾದದ್ದು ಬಯಲಾದಾಗ, 1987ರ ಇಡೀ ಆಟದ ಋತುವನ್ನೇ ಎನ್‌ಸಿಎಎ ರದ್ದುಪಡಿಸಿತು. ಹಿಂದೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದು, ಆ ಹೊತ್ತಿಗೆ ರಾಜ್ಯದ ಗವರ್ನರ್ ಆಗಿದ್ದ ಬಿಲ್ ಕ್ಲೆಮೆಂಟ್ಸ್, ಪಾವತಿಗಳನ್ನು ಮುಂದುವರಿಸಲು ತಾವೂ ಒಪ್ಪಿದ್ದಾಗಿ ಹೇಳಿದರು. ಆಟಗಾರರಿಗೆ ಈಗಾಗಲೇ ಮಾತು ಕೊಟ್ಟಾಗಿದೆ ಎಂಬುದು ಆಗಿನ ತರ್ಕ. ಕೊಟ್ಟ ಮಾತಿಗೆ ತಪ್ಪಬಾರದೆಂಬ ಸದ್ಗುಣವೇ ಅಕ್ರಮಕ್ಕೆ ಆಸರೆಯಾದದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ನಗದು ನಮ್ಮ ಲೆಕ್ಕಪುಸ್ತಕದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಆದ್ದರಿಂದ ಶಾಲಾ ಆಟಗಾರರು ಕ್ಯಾಂಪಸ್ ನೋಡಲು ಬಂದಾಗಿನ ಹೋಟೆಲ್ ಬಿಲ್ಲು, ಉಚಿತ ಟಿಕೆಟ್ ಪಡೆದವರ ಹೆಸರು, ವಿದ್ಯಾರ್ಥಿಗಳು ಓಡಿಸುವ ಕಾರಿನ ನೋಂದಣಿ, ಇಂಥವನ್ನು ಒಂದಕ್ಕೊಂದು ತಾಳೆ ನೋಡುತ್ತೇವೆ. ಟೆನ್ನೆಸ್ಸಿ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 200ಕ್ಕೂ ಹೆಚ್ಚು ಉಲ್ಲಂಘನೆಗಳೂ ಸುಮಾರು 60,000 ಡಾಲರ್‌ಗಳ ಅಕ್ರಮ ಸಂದಾಯವೂ ಹೊರಬಂದವು. 2023ರಲ್ಲಿ ಆ ವಿಶ್ವವಿದ್ಯಾಲಯಕ್ಕೆ 80 ಲಕ್ಷ ಡಾಲರ್ ದಂಡ ಬಿತ್ತು. 2021ರಲ್ಲಿಯೇ ಕೆಲಸ ಕಳೆದುಕೊಂಡಿದ್ದ ಕೋಚ್ ಜೆರೆಮಿ ಪ್ರೂಯಿಟ್ ಅವರನ್ನು ಆರು ವರ್ಷ ಕಾಲ ಯಾವ ಕಾಲೇಜಾದರೂ ನೇಮಿಸಿಕೊಳ್ಳಬೇಕಿದ್ದರೆ ಎನ್‌ಸಿಎಎ ಮುಂದೆ ಕಾರಣ ಒಪ್ಪಿಸಬೇಕೆಂಬ ನಿರ್ಬಂಧವೂ ಬಂತು.

ಇಂಥ ಹಣದ ಬಗ್ಗೆ ಕೇಳಿದಾಗ ಮೊದಲು ಬರುವ ಉತ್ತರ ಕರುಣೆಯದು: ಹುಡುಗ ಬಡವ, ಮನೆಯಲ್ಲಿ ಕಷ್ಟವಿತ್ತು. ಈ ಉತ್ತರವನ್ನು ನಾನು ತಳ್ಳಿಹಾಕುವುದಿಲ್ಲ, ಏಕೆಂದರೆ ಬಹಳ ಸಲ ಆ ಕಷ್ಟ ನಿಜವಾಗಿಯೇ ಇರುತ್ತದೆ. ಆದರೆ ತಂಡದಲ್ಲಿರುವ ವಿದ್ಯಾರ್ಥಿಯ ತುರ್ತು ಅಗತ್ಯಗಳಿಗೆಂದು ಎನ್‌ಸಿಎಎಯ ನೆರವು ನಿಧಿಯೊಂದಿದೆ. ಅದಕ್ಕೆ ಒಂದು ಅರ್ಜಿಯನ್ನೂ ಹಾಕದೆ ಲಕೋಟೆಯಲ್ಲಿ ಹಣ ಕೊಟ್ಟವರ ಕರುಣೆಯನ್ನು ನಂಬುವುದು ನನಗೆ ಕಷ್ಟವಾಗುತ್ತದೆ. ಇನ್ನು, ಇನ್ನೂ ತಂಡಕ್ಕೆ ಸೇರದ ಹುಡುಗನ ಮನೆಗೆ ತಲುಪಿದ ಹಣವನ್ನು ನಾನು ಬೆಲೆ ಎಂದೇ ಕರೆಯುತ್ತೇನೆ.

ಈ ಕೆಲಸದಲ್ಲಿ ನಾನು ಕಲಿತದ್ದಕ್ಕೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜಿಮ್ ಟ್ರೆಸೆಲ್ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆಯಿಲ್ಲ. 2002ರ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಈ ಕೋಚ್‌ಗೆ, ತಮ್ಮ ಆಟಗಾರರು ಜೆರ್ಸಿ, ಉಂಗುರಗಳನ್ನು ಕೊಟ್ಟು ಹಣ ಮತ್ತು ಹಚ್ಚೆ ಪಡೆಯುತ್ತಿದ್ದಾರೆಂಬ ವಿಷಯ 2010ರ ಏಪ್ರಿಲ್‌ನಲ್ಲಿ ಇಮೇಲ್ ಮೂಲಕ ತಿಳಿಯಿತು. ಅವರು ಅದನ್ನು ವಿಶ್ವವಿದ್ಯಾಲಯಕ್ಕೆ ತಿಳಿಸಲಿಲ್ಲ. ಅಷ್ಟೇ ಅಲ್ಲ, ತಮಗೆ ತಿಳಿದ ಉಲ್ಲಂಘನೆಗಳನ್ನೆಲ್ಲ ವರದಿ ಮಾಡಿದ್ದೇನೆಂಬ ವಾರ್ಷಿಕ ಪ್ರಮಾಣಪತ್ರಕ್ಕೆ ಅದೇ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದರು. 2011ರ ಮೇ ತಿಂಗಳಲ್ಲಿ ಅವರು ರಾಜೀನಾಮೆ ನೀಡಿದರು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಆದಾಯದ ಪಾಲು ಕೊಡಬಹುದು. ನಿಯಮ ಸಡಿಲಿಸಿದ್ದು ನ್ಯಾಯವೆಂದೇ ನನ್ನ ಅಭಿಪ್ರಾಯ. ಆ ಹುಡುಗರ ತಪ್ಪು ಇಂದು ಬಹುಪಾಲು ತಪ್ಪಾಗಿ ಉಳಿದಿಲ್ಲ, ಆದರೆ ಕೋಚ್ ಹಾಕಿದ ಸಹಿ ಅಂದಿನಷ್ಟೇ ಸುಳ್ಳಾಗಿದೆ.

ಸಹಾಯಕ ಕೋಚ್‌ಗಳಿಗೆ "ಅದನ್ನೆಲ್ಲ ನನಗೆ ಹೇಳಬೇಡಿ" ಎಂದು ಸೂಚಿಸುವ ಮುಖ್ಯ ಕೋಚ್ ಕೂಡ ಇದೇ ಸಾಲಿಗೆ ಸೇರುತ್ತಾರೆ. ಸಿಕ್ಕಿಬಿದ್ದಾಗ ಕೆಲಸ ಕಳೆದುಕೊಳ್ಳುತ್ತಿದ್ದವರು ಹೆಚ್ಚಾಗಿ ಕಡಿಮೆ ಸಂಬಳದ ಆ ಸಹಾಯಕರೇ. ಈಗ ಸಿಬ್ಬಂದಿಯ ಉಲ್ಲಂಘನೆಗೆ ಮುಖ್ಯ ಕೋಚ್ ಅವರನ್ನೇ ನೇರ ಹೊಣೆಯಾಗಿಸುವ ನಿಯಮವಿದೆ, ಅದು ಬಹಳ ಮೊದಲೇ ಬರಬೇಕಿತ್ತು.

ಹೊರಗಿನವರೊಂದಿಗೆ ಆಟಗಾರರು ಮಾಡಿಕೊಳ್ಳುವ 600 ಡಾಲರ್ ಮತ್ತು ಅದಕ್ಕೂ ಮೇಲ್ಪಟ್ಟ ಒಪ್ಪಂದಗಳನ್ನು ಇಂದು ವರದಿ ಮಾಡಲೇಬೇಕಾದ್ದರಿಂದ ನಮ್ಮ ಮೇಜಿನ ಮೇಲೆ ಕಾಗದಪತ್ರಗಳು ಹೆಚ್ಚಿವೆ. ಆದರೂ ಕೋಚ್ ಅವರೊಂದಿಗೆ ಮಾತಿಗೆ ಕುಳಿತಾಗ ನಾನು ಮೊದಲು ಮೊತ್ತದ ವಿಷಯ ಎತ್ತುವುದಿಲ್ಲ; ನಿಮಗೆ ಯಾವ ದಿನ ತಿಳಿಯಿತು, ಯಾವ ದಿನ ಯಾರಿಗೆ ತಿಳಿಸಿದಿರಿ ಎಂದು ಕೇಳಿ, ಆ ಎರಡು ದಿನಾಂಕಗಳನ್ನು ಬರೆದುಕೊಳ್ಳುತ್ತೇನೆ.