ಕಾಂಡ್ಲಾ ಕಾಡಿನ ಉಪ್ಪು, ಲಿಂಗನಮಕ್ಕಿಯ ನೀರು

ನಮ್ಮ ಸಾಗರ, ಹೊಸನಗರದ ಕಡೆ ಶರಾವತಿಯ ಮಾತು ಎತ್ತಿದರೆ ಅದು ತಪ್ಪದೆ ಮುಳುಗಡೆಗೆ ಹೋಗಿ ನಿಲ್ಲುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸುಮಾರು 151 ಟಿಎಂಸಿ ನೀರು ಕಣಿವೆಯನ್ನು ತುಂಬಿಕೊಂಡಾಗ ಯಾರ ತೋಟ ಹೋಯಿತು, ಯಾರಿಗೆ ಶಿವಮೊಗ್ಗದ ಬಳಿ ಬದಲಿ ಜಮೀನು ಸಿಕ್ಕಿತು, ಯಾರ ಹಕ್ಕುಪತ್ರ ಇಂದಿಗೂ ಕಡತದಲ್ಲೇ ಉಳಿದಿದೆ ಎಂಬುದು ಇಲ್ಲಿನ ಮನೆಮನೆಗೂ ಗೊತ್ತಿರುವ ಸಂಗತಿ. ಆ ಲೆಕ್ಕ ನ್ಯಾಯವಾದದ್ದು, ಇನ್ನೂ ತೀರದೇ ಇರುವಂಥದ್ದು. ಆದರೆ ಅದು ಅಣೆಕಟ್ಟಿನ ಮೇಲ್ಭಾಗದ ಲೆಕ್ಕ ಮಾತ್ರ. ಜೋಗದಲ್ಲಿ 253 ಮೀಟರ್ ಧುಮುಕಿ, ಗೇರುಸೊಪ್ಪೆ ದಾಟಿ, ಹೊನ್ನಾವರದಲ್ಲಿ ಕಡಲು ಸೇರುವ ಕೆಳಭಾಗದ ನದಿಗೆ ಏನಾಯಿತು ಎಂದು ಮಲೆನಾಡಿನವರು ಕೇಳಿದ್ದು ಕಡಿಮೆ. ಆ ಪ್ರಶ್ನೆಗೆ ಉತ್ತರ ಹುಡುಕುವವರು ಹೊನ್ನಾವರದ ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಜಾಗದ, ದಂಡೆಯಲ್ಲಿರುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನು ನೋಡಬೇಕು.

ಉಬ್ಬರ ಮತ್ತು ಇಳಿತಗಳ ನಡುವಿನ ಕೆಸರಿನಲ್ಲಿ ಬೇರೂರುವ ಮರಕ್ಕೆ ಎರಡು ಕಷ್ಟಗಳಿವೆ. ಒಂದು ಉಸಿರಿನದು. ಆ ಕೆಸರಿನ ಕಣಗಳು ಎಷ್ಟು ನುಣುಪೆಂದರೆ ಅವುಗಳ ನಡುವೆ ಗಾಳಿಗೆ ಎಡೆಯೇ ಇರುವುದಿಲ್ಲ. ಮೇಲ್ಪದರದಿಂದ ಸ್ವಲ್ಪ ಕೆಳಗೆ ಇಳಿದರೆ ಆಮ್ಲಜನಕ ಮುಗಿದು, ಗಂಧಕದ ಸಂಯುಕ್ತಗಳನ್ನು ಬಳಸಿ ಬದುಕುವ ಸೂಕ್ಷ್ಮಜೀವಿಗಳ ರಾಜ್ಯ ಶುರುವಾಗುತ್ತದೆ. ಕಾಂಡ್ಲಾ ಕಾಡಿನ ಕೆಸರು ಕೊಳೆತ ಮೊಟ್ಟೆಯ ವಾಸನೆ ಹೊಡೆಯುವುದು ಇದರಿಂದಲೇ. ಆದ್ದರಿಂದ ಇಲ್ಲಿನ ಮರಗಳು ಬೇರನ್ನು ನೆಲದಿಂದ ಹೊರಕ್ಕೆ ತಂದಿವೆ. ರೈಜೋಫೋರಾ ಜಾತಿಯ ಮರ ಕಾಂಡದಿಂದಲೇ ಕಮಾನಿನಂತೆ ಊರುಗೋಲು ಬೇರುಗಳನ್ನು ಇಳಿಬಿಡುತ್ತದೆ. ಅವಿಸೀನಿಯಾ ಮತ್ತು ಸೊನ್ನೆರೇಶಿಯಾ ಜಾತಿಗಳು ಕೆಸರಿನಿಂದ ನೇರ ಮೇಲಕ್ಕೆ ಸಾವಿರಾರು ಉಸಿರುಬೇರುಗಳನ್ನು ನಿಲ್ಲಿಸುತ್ತವೆ. ಆ ಬೇರುಗಳ ಮೈಮೇಲಿನ ಸಣ್ಣ ರಂಧ್ರಗಳು ಇಳಿತದ ಹೊತ್ತಿನಲ್ಲಿ ಗಾಳಿಯನ್ನು ಒಳಗೆಳೆದು ಕೆಳಗಿನ ಬೇರಿಗೆ ತಲುಪಿಸುತ್ತವೆ.

ಎರಡನೆಯ ಕಷ್ಟ ಉಪ್ಪಿನದು, ಮತ್ತು ಇಲ್ಲಿ ಒಂದೊಂದು ಜಾತಿಯ ದಾರಿ ಒಂದೊಂದು. ರೈಜೋಫೋರಾ ನೀರನ್ನು ಹೀರುವಾಗಲೇ ಬಹುಪಾಲು ಉಪ್ಪನ್ನು ಬೇರಿನಲ್ಲಿಯೇ ತಡೆಯುತ್ತದೆ. ಅವಿಸೀನಿಯಾ ಒಳಗೆ ಬಂದ ಉಪ್ಪನ್ನು ಎಲೆಯ ಮೇಲಿನ ಗ್ರಂಥಿಗಳ ಮೂಲಕ ಹೊರಹಾಕುತ್ತದೆ. ಬಿಸಿಲಿನ ದಿನ ಅದರ ಎಲೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ಮುಟ್ಟಿಸಿದರೆ ಇದು ಯಾವ ಪಾಠವೂ ಇಲ್ಲದೆ ತಿಳಿಯುತ್ತದೆ. ಬೀಜಕ್ಕೆ ಉಪ್ಪು ಕೆಸರಿನಲ್ಲಿ ಮೊಳೆಯುವುದು ಕಷ್ಟವೆಂದು ರೈಜೋಫೋರಾ ತನ್ನ ಬೀಜವನ್ನು ಕೊಂಬೆಯ ಮೇಲೆಯೇ ಮೊಳೆಯಿಸುತ್ತದೆ. ನುಗ್ಗೆಕಾಯಿಯಂತೆ ಇಳಿಬಿದ್ದ ಆ ಮೊಳಕೆ ಅರ್ಧ ಮೀಟರಿನಷ್ಟು ಉದ್ದ ಬೆಳೆದ ಮೇಲೆ ಕಳಚಿ, ಅಡಿಯ ಕೆಸರಿಗೆ ಚುಚ್ಚಿಕೊಳ್ಳುತ್ತದೆ ಅಥವಾ ನೀರಿನಲ್ಲಿ ತೇಲುತ್ತ ಬೇರೆ ದಂಡೆ ಹುಡುಕಿಕೊಂಡು ಹೋಗುತ್ತದೆ.

ಹೊರಗೆ ಬಂದ ಬೇರುಗಳನ್ನು ನೋಡಲು ನಾವು ಘಟ್ಟ ಇಳಿಯಲೇಬೇಕೆಂದೇನೂ ಇಲ್ಲ. ಜೋಗದಿಂದ ಮಾವಿನಗುಂಡಿಯ ಮೇಲೆ ಹೊನ್ನಾವರದತ್ತ ಹೋಗುವ ದಾರಿಯ ಬಳಿ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ಸಿಹಿನೀರು ನಿಂತು ಜಿನುಗುವ ಆ ಜವುಗಿನಲ್ಲಿ ಮಿರಿಸ್ಟಿಕಾ ಜಾತಿಯ ಮರ ಊರುಗೋಲು ಬೇರನ್ನೂ, ಅದೇ ಕುಟುಂಬದ ಜಿಮ್ನಾಕ್ರಾಂತೆರಾ ಮಂಡಿಯಂತೆ ಮಡಿಸಿ ಮೇಲೆದ್ದ ಬೇರನ್ನೂ ಬಿಡುತ್ತದೆ. ಕಾಂಡ್ಲಾ ಗಿಡಕ್ಕೂ ಇದಕ್ಕೂ ಯಾವ ನಂಟಸ್ತಿಕೆಯೂ ಇಲ್ಲ. ಉಸಿರು ಕಟ್ಟುವ ಕೆಸರು ಎರಡಕ್ಕೂ ಒಂದೇ ಉಪಾಯ ಕಲಿಸಿದೆ, ಅಷ್ಟೆ. ಇದೇ ಕತ್ತಲೆಕಾನಿನಲ್ಲಿ ಸಿಕ್ಕ ಹೊಸ ಮರವೊಂದಕ್ಕೆ 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಊರಿನ ಹೆಸರನ್ನೇ ಇಟ್ಟರು. ಬೇಸಿಗೆಯಲ್ಲಿ ಹಳ್ಳಕ್ಕೆ ನೀರು ಹನಿಸುವುದು ಈ ಜಡ್ಡಿಗಳು. ಶರಾವತಿಯ ಕಣಿವೆಯಲ್ಲಿ ಒಂದು ಜವುಗು ಕಾಡು ಮೇಲಿದೆ, ಇನ್ನೊಂದು ಕೆಳಗಿದೆ. ಎರಡನ್ನೂ ಕಟ್ಟುವುದು ನಡುವಿನ ನೀರು.

ಉಪ್ಪಿನ ವಿಷಯದಲ್ಲಿ ಜನ ಸಾಮಾನ್ಯವಾಗಿ ಗಮನಿಸದ ಒಂದು ಅಂಶವಿದೆ. ಕಾಂಡ್ಲಾ ಗಿಡಗಳಲ್ಲಿ ಹೆಚ್ಚಿನವು ಸಿಹಿನೀರಿನಲ್ಲಿಯೂ ಬದುಕಬಲ್ಲವು. ಅಂದರೆ ಉಪ್ಪು ಅವುಗಳ ಊಟವಲ್ಲ, ಕಾವಲು. ಬೇರೆ ಗಿಡಗಳು ತಾಳಲಾರದ ನೆಲವನ್ನು ಅದು ಇವುಗಳಿಗಾಗಿ ಬಿಡಿಸಿಕೊಡುತ್ತದೆ. ಸಹಜ ಸ್ಥಿತಿಯಲ್ಲಿ ನಮ್ಮ ಪಶ್ಚಿಮಮುಖಿ ನದಿಗಳ ಅಳಿವೆ ವರ್ಷಕ್ಕೊಮ್ಮೆ ಎರಡು ತುದಿಗಳನ್ನು ಮುಟ್ಟಿ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮಳೆಯ ನೆರೆ ಕಡಲನ್ನು ಹಿಂದಕ್ಕೆ ತಳ್ಳಿ, ಹೊಳೆಯನ್ನು ಬಾಯಿಯವರೆಗೂ ಸಿಹಿಯಾಗಿಸುತ್ತದೆ. ಜೊತೆಗೆ ರೇವೆ ಮಣ್ಣನ್ನು ಹೊತ್ತು ತಂದು ಹೊಸ ಕೆಸರುದಂಡೆ ಕಟ್ಟುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಮೇಲಿನ ಹರಿವು ಬಡವಾಗಿ, ಉಪ್ಪುನೀರು ಮೈಲುಗಟ್ಟಲೆ ಒಳಗೆ ಬರುತ್ತದೆ. ಈ ಏರಿಳಿತಕ್ಕೆ ಹೊಂದಿಕೊಂಡೇ ಯಾವ ಜಾತಿ ಎಲ್ಲಿ ನಿಲ್ಲಬೇಕು, ಯಾವ ಮೀನು ಯಾವ ತಿಂಗಳು ಒಳಗೆ ಬಂದು ಮರಿ ಬೆಳೆಸಬೇಕು ಎಂಬ ವ್ಯವಸ್ಥೆ ಬೆಳೆದು ಬಂದಿದೆ.

ಲಿಂಗನಮಕ್ಕಿ ಬದಲಿಸಿದ್ದು ಈ ಏರಿಳಿತವನ್ನು. ಅಣೆಕಟ್ಟೆಂದರೆ ಕೆಳಗಿನವರಿಗೆ ಸಿಹಿನೀರು ತಪ್ಪುವುದು ಎಂದೇ ನಾವು ಓದಿದ್ದೇವೆ. ಸಿಂಧೂ ನದಿಯ ಮುಖಜಭೂಮಿಯಲ್ಲಿ ಹಾಗೆಯೇ ಆಗಿ, ಉಪ್ಪು ಏರಿ ಅಲ್ಲಿನ ಕಾಂಡ್ಲಾ ಕಾಡು ಸೊರಗಿತು. ಶರಾವತಿಯಲ್ಲಿ ಆಗಿದ್ದು ಇದರ ತಿರುಗುಮುರುಗು. ಇಲ್ಲಿ ನೀರನ್ನು ಹೊಲಕ್ಕೆ ತಿರುಗಿಸಲಿಲ್ಲ, ವಿದ್ಯುತ್ತಿಗಾಗಿ ಕೂಡಿಟ್ಟರು. ಮಳೆಗಾಲದ ನೆರೆ ಜಲಾಶಯದಲ್ಲಿ ನಿಂತಿತು. ಆ ನೀರು 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಮೂಲಕವೂ, ಮುಂದೆ ಗೇರುಸೊಪ್ಪೆಯಲ್ಲಿ ಕಟ್ಟಿದ 240 ಮೆಗಾವಾಟಿನ ಘಟಕದ ಮೂಲಕವೂ ವರ್ಷವಿಡೀ ಕೆಳಗಿಳಿಯತೊಡಗಿತು. ಬೇಸಿಗೆಯಲ್ಲಿ ರಾಜ್ಯಕ್ಕೆ ವಿದ್ಯುತ್ ಹೆಚ್ಚು ಬೇಕಾದಾಗ, ಅಂದರೆ ಅಳಿವೆ ಉಪ್ಪಾಗಬೇಕಾದ ಹೊತ್ತಿನಲ್ಲಿಯೇ, ಸಿಹಿನೀರು ಧಾರಾಳವಾಗಿ ಬರುತ್ತದೆ. ಸಾಲದೆಂಬಂತೆ ನಮ್ಮ ಹೊಸನಗರದ ಕಡೆಯ ಚಕ್ರಾ, ಸಾವೇಹಕ್ಕಲು ಜಲಾಶಯಗಳ ನೀರನ್ನೂ ಲಿಂಗನಮಕ್ಕಿಗೆ ತಿರುಗಿಸಲಾಗಿದೆ. ಕುಂದಾಪುರದ ಪಂಚಗಂಗಾವಳಿಗೆ ಸೇರಬೇಕಾದ ಚಕ್ರೆಯ ಪಾಲು ಹೀಗೆ ಹೊನ್ನಾವರದಲ್ಲಿ ಕಡಲು ಕಾಣುತ್ತದೆ. ಒಂದು ಅಳಿವೆಯಿಂದ ಕಳೆದು ಇನ್ನೊಂದಕ್ಕೆ ಕೂಡಿಸಿದ ಈ ಗಣಿತವನ್ನು ಯೋಜನೆ ಮಾಡುವಾಗ ಯಾರಾದರೂ ಕಾಂಡ್ಲಾ ಕಾಡಿನ ದೃಷ್ಟಿಯಿಂದ ಯೋಚಿಸಿದ್ದರೆಂದು ನನಗೆ ಅನ್ನಿಸುವುದಿಲ್ಲ. ಆ ಕಾಲದಲ್ಲಿ ಕಾಂಡ್ಲಾ ಎಂದರೆ ಸೌದೆ ಮತ್ತು ಕೆಸರು.

ಪರಿಣಾಮ ಏನೆಂಬುದನ್ನು ತಿಳಿಯಲು ಪ್ರಕೃತಿಯೇ ಪಕ್ಕದಲ್ಲೊಂದು ಹೋಲಿಕೆಯ ಹೊಳೆಯನ್ನು ಇಟ್ಟಿದೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆ ಪಕ್ಕದ ಕುಮಟಾ ತಾಲ್ಲೂಕಿನಲ್ಲಿದೆ. ಘಟ್ಟ ಅದೇ, ಮಳೆ ಅದೇ, ಕಡಲೂ ಅದೇ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಉತ್ತರ ಕನ್ನಡದ ಅಳಿವೆಗಳಲ್ಲಿ ನಡೆಸಿದ ಅಧ್ಯಯನಗಳು ಈ ಎರಡರ ನಡುವಿನ ಅಂತರವನ್ನು ಸ್ಪಷ್ಟವಾಗಿ ತೋರಿಸಿವೆ. ಶರಾವತಿಯ ಅಳಿವೆಯಲ್ಲಿ ಲವಣಾಂಶ ಕುಸಿದಿದೆ, ಮೀನಿನ ಜಾತಿಗಳು ಅಘನಾಶಿನಿಗಿಂತ ಕಡಿಮೆಯಾಗಿವೆ, ಉಪ್ಪು ಬೇಡುವ ಬಳಚಿನಂಥ ಚಿಪ್ಪುಮೀನುಗಳು ಹೆಚ್ಚುಕಡಿಮೆ ಇಲ್ಲವಾಗಿವೆ. ಕಾಂಡ್ಲಾ ಕಾಡು ಶರಾವತಿಯಲ್ಲಿ ಇಲ್ಲವೆಂದಲ್ಲ. ಸೊನ್ನೆರೇಶಿಯಾ ಕೇಸಿಯೊಲಾರಿಸ್‌ನಂತಹ ಸಿಹಿನೀರನ್ನು ಒಗ್ಗಿಸಿಕೊಳ್ಳುವ ಮರಗಳಿಗೆ ಅಲ್ಲಿ ಮೇಲುಗೈಯಾಗಿದೆ. ದೂರದಿಂದ ನೋಡಿದವರಿಗೆ ಎರಡೂ ಕಡೆ ಹಸಿರೇ ಕಾಣುತ್ತದೆ. ಉಪಗ್ರಹದ ಚಿತ್ರಕ್ಕೂ ಸರ್ಕಾರದ ವರದಿಗೂ ಆ ಹಸಿರು ಸಾಕು: 2021ರ ಅರಣ್ಯ ಸಮೀಕ್ಷೆಯ ಪ್ರಕಾರ ದೇಶದ 4,992 ಚದರ ಕಿಲೋಮೀಟರ್ ಕಾಂಡ್ಲಾ ಕಾಡಿನಲ್ಲಿ ಕರ್ನಾಟಕದ್ದು 13 ಚದರ ಕಿಲೋಮೀಟರ್. ಆ ಹದಿಮೂರರಲ್ಲಿ ಯಾವ ಮರದಡಿ ಬಳಚು ಉಳಿದಿದೆ, ಯಾವುದರಡಿ ಇಲ್ಲ ಎಂಬುದು ಅಂಕಿಯಲ್ಲಿ ಕಾಣುವುದಿಲ್ಲ.

ಅಘನಾಶಿನಿಯ ಕಡೆ ಆ ಉಪ್ಪನ್ನೇ ನಂಬಿ ಬದುಕು ಕಟ್ಟಿಕೊಂಡವರಿದ್ದಾರೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಗಂಡಸರೆನ್ನದೆ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಾರೆ. ದಂಡೆಯ ಗಜನಿ ಎಂಬ ಉಪ್ಪುನೀರಿನ ತಗ್ಗು ಗದ್ದೆಗಳಲ್ಲಿ, ಮಾಣಿಕಟ್ಟಾದಂಥ ಊರುಗಳಲ್ಲಿ, ಉಪ್ಪನ್ನೂ ನೆರೆಯನ್ನೂ ತಾಳುವ ಕಗ್ಗ ಎಂಬ ಎತ್ತರದ ಭತ್ತವನ್ನು ಮಳೆಗಾಲದಲ್ಲಿ ಬೆಳೆದು, ಕೊಯ್ಲಾದ ಮೇಲೆ ತೂಬಿನ ಬಾಗಿಲು ತೆರೆದು ಉಬ್ಬರದ ನೀರಿನೊಡನೆ ಸಿಗಡಿ, ಮೀನುಗಳನ್ನು ಒಳಗೆ ಬಿಟ್ಟುಕೊಳ್ಳುವುದು ಹಳೆಯ ಪದ್ಧತಿ. ನಮ್ಮ ಗದ್ದೆ ಬದುಗಳನ್ನು ಕಂಡವನಿಗೆ ಇದು ಬೆರಗಿನ ವ್ಯವಸಾಯ. ಹೊರಗಿನ ಗೊಬ್ಬರವಿಲ್ಲದೆ, ಉದುರಿದ ಕಾಂಡ್ಲಾ ಎಲೆ ಮತ್ತು ಹೊಳೆಯ ರೇವೆಯ ಮೇಲೆಯೇ ಎರಡು ಫಸಲು. ನಡುವೆ ವಾಣಿಜ್ಯ ಸಿಗಡಿ ಕೃಷಿ ಬಂದು ಈ ಪದ್ಧತಿಯನ್ನು ಅಲ್ಲಾಡಿಸಿತು. ಕರಾವಳಿ ನಿಯಂತ್ರಣ ವಲಯದಲ್ಲಿ ಅಂಥ ಉದ್ಯಮ ಸಲ್ಲದೆಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ತೀರ್ಪು ಕೊಡಬೇಕಾಯಿತು. 2024ರ ಜನವರಿಯಲ್ಲಿ ಅಘನಾಶಿನಿಯ 4,801 ಹೆಕ್ಟೇರ್ ಅಳಿವೆ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜವುಗು ನೆಲವೆಂದು, ಘೋಷಿತವಾದಾಗ ನನಗೆ ಸಂತೋಷವಾದದ್ದು ಹೌದು. ಆದರೂ ಅಳಿವೆಗೆ ಸಿಕ್ಕ ಆ ಗೌರವ ಶಿರಸಿ, ಸಿದ್ದಾಪುರದ ಬೆಟ್ಟಗಳಲ್ಲಿ ಹರಿಯುವ ಅದೇ ಹೊಳೆಯನ್ನು ತಿರುಗಿಸುವ ಯೋಜನೆಗಳಿಗೆ ತಾನಾಗಿ ತಡೆಯಾಗುವುದಿಲ್ಲ ಎಂಬುದನ್ನೂ ಹೇಳಲೇಬೇಕು.

ಸಂರಕ್ಷಣೆ ಎಂದೊಡನೆ ನಮ್ಮಲ್ಲಿ ನೆನಪಾಗುವುದು ಗಿಡ ನೆಡುವುದು. ಕಾಂಡ್ಲಾ ನೆಡುವುದು ಸುಲಭವೂ ಹೌದು, ಫೋಟೋಕ್ಕೆ ಒಳ್ಳೆಯದೂ ಹೌದು; ರೈಜೋಫೋರಾದ ಉದ್ದ ಮೊಳಕೆಯನ್ನು ಕೆಸರಿಗೆ ಚುಚ್ಚಿದರೆ ಮುಗಿಯಿತು. ಗಜನಿಗೆ ಉಪ್ಪುನೀರು ನುಗ್ಗದಂತೆ ಕಟ್ಟಿದ ಖಾರ್ಲ್ಯಾಂಡ್ ಒಡ್ಡುಗಳ ಬುಡದಲ್ಲಿ ನೆಟ್ಟ ಸಾಲುಗಳು ಅಲೆಯ ಹೊಡೆತದಿಂದ ಒಡ್ಡನ್ನು ಕಾಯುತ್ತವೆ, ಅದರಲ್ಲಿ ತಕರಾರಿಲ್ಲ. ಆದರೆ ಇಳಿತದಲ್ಲಿ ಬಯಲಾಗುವ ತೆರೆದ ಕೆಸರುದಿಣ್ಣೆಯ ಮೇಲೆ, ಅಲ್ಲಿ ಹಿಂದೆ ಕಾಡೇ ಇರದಿದ್ದರೂ, ಒಂದೇ ಜಾತಿಯನ್ನು ಸಾಲಾಗಿ ನೆಟ್ಟರೆ ಬಳಚಿನ ಜಾಗವೂ ವಲಸೆ ಹಕ್ಕಿಗಳ ಮೇವಿನ ಜಾಗವೂ ಹೋಗುತ್ತದೆ. ನೀರಿನ ಮಟ್ಟ ಹೊಂದದಿದ್ದರೆ ಗಿಡವೂ ಉಳಿಯುವುದಿಲ್ಲ. ಉಬ್ಬರದ ನೀರು ಸರಾಗವಾಗಿ ಬಂದು ಹೋಗುವಂತಾದರೆ, ಹತ್ತಿರದಲ್ಲಿ ತಾಯಿಮರಗಳಿದ್ದರೆ, ಈ ಕಾಡು ತಾನೇ ಬರುತ್ತದೆ. ಹೊನ್ನಾವರದ ಕಾಸರಕೋಡಿನಲ್ಲಿ ಅರಣ್ಯ ಇಲಾಖೆ ಮಾಡಿರುವ ಶರಾವತಿ ಕಾಂಡ್ಲಾ ವನದ ಮರದ ಕಾಲುದಾರಿಯನ್ನು ನಾನು ಮೆಚ್ಚುತ್ತೇನೆ. ಮಕ್ಕಳು ಕಾಲು ಕೆಸರಾಗದೆ ಉಸಿರುಬೇರು ನೋಡಬಹುದಾದ ಜಾಗ ಅದು. ಅಲ್ಲಿಯ ಫಲಕಗಳಲ್ಲಿ ಮೇಲಿನ ಜಲಾಶಯಗಳ ಕಥೆಯೂ ಸೇರಿದರೆ ಇನ್ನೂ ಒಳ್ಳೆಯದಿತ್ತು.

ಈಗ ಇದೇ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಇಳಿಸಿ ವಿದ್ಯುತ್ ತೆಗೆಯುವುದು, ಬೇಡಿಕೆ ಕಡಿಮೆಯಿರುವಾಗ ಅದೇ ನೀರನ್ನು ಮೇಲಕ್ಕೆ ಎತ್ತುವುದು ಅದರ ರೀತಿ. ಅದು ಸಿಂಗಳೀಕಗಳ ಅಭಯಾರಣ್ಯದೊಳಗೆ ಬರುವುದರಿಂದ ಕಾಡಿನ ನಷ್ಟದ ಬಗ್ಗೆ ಚರ್ಚೆ ಜೋರಾಗಿಯೇ ನಡೆದಿದೆ, ನಡೆಯಲೂ ಬೇಕು. ಇದ್ದ ನೀರೇ ಮೇಲೆ ಕೆಳಗೆ ಓಡಾಡುವುದರಿಂದ ಹೊಳೆಗೆ ತೊಂದರೆಯಿಲ್ಲ ಎಂಬ ವಾದಕ್ಕೆ ಮಾತ್ರ ಯಾರೂ ಅಷ್ಟಾಗಿ ಎದುರು ಮಾತಾಡುತ್ತಿಲ್ಲ. ಅಳಿವೆಯ ಮಟ್ಟಿಗೆ ಮುಖ್ಯವಾದದ್ದು ಗೇರುಸೊಪ್ಪೆಯಿಂದ ಕೆಳಕ್ಕೆ ಯಾವ ತಿಂಗಳು, ದಿನದ ಯಾವ ಹೊತ್ತು, ಎಷ್ಟು ನೀರು ಬಿಡುತ್ತಾರೆ ಎಂಬುದು. ಆ ವೇಳಾಪಟ್ಟಿಯನ್ನು ವಿದ್ಯುತ್ ಬೇಡಿಕೆಯೊಂದನ್ನೇ ನೋಡಿ ಬರೆಯದೆ, ಮಾರ್ಚ್‌ನಿಂದ ಮೇವರೆಗೆ ಕಡಲು ಸ್ವಲ್ಪವಾದರೂ ಒಳಗೆ ಬರುವಂತೆ ಹರಿವನ್ನು ತಗ್ಗಿಸಲು ಸಾಧ್ಯವೇ ಎಂದು ಕೇಳಬಹುದು. ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ನಾಲ್ಕಾರು ಕಡೆ ಲವಣಾಂಶವನ್ನು ಪ್ರತಿ ತಿಂಗಳು ಅಳೆದು ಆ ಅಂಕಿಗಳನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿ ಎಂದೂ ಕೇಳಬಹುದು. ಹೊನ್ನಾವರದ ಮೀನುಗಾರರು ಒಬ್ಬರೇ ಕೇಳಿದರೆ ಇದು ಕರಾವಳಿಯ ದೂರಾಗಿ ಅಲ್ಲಿಯೇ ನಿಲ್ಲುತ್ತದೆ. ಅಹವಾಲು ಸಭೆಗಳಲ್ಲಿ ಮುಳುಗಡೆಯ ಬಾಕಿ ಕೇಳಲು ನಿಲ್ಲುವ ಸಾಗರದವರು ತಮ್ಮ ಮನವಿಯಲ್ಲಿ ಈ ಎರಡು ಸಾಲನ್ನೂ ಸೇರಿಸಿದರೆ ಅದು ನದಿಯ ಎರಡೂ ತುದಿಯವರ ಬೇಡಿಕೆಯಾಗುತ್ತದೆ.