ಅಂಗನವಾಡಿಯ ಪುಸ್ತಕದಲ್ಲಿದ್ದ ಮಕ್ಕಳು

ಕಾರವಾರದಿಂದ ಅಂಕೋಲೆಯ ಕಡೆಗೆ ಹೋಗುವ ಹೆದ್ದಾರಿಯ ಪಡುವಣ ಬದಿಗೆ, ಕಡಲಿಗೆ ಹತ್ತಿರವಿರುವ ನಮ್ಮ ವಾರ್ಡಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿದಿರುವುದರಿಂದ, ಅದನ್ನು ಹೆದ್ದಾರಿಯಾಚೆಯ ಹಿರಿಯ ಪ್ರಾಥಮಿಕ ಶಾಲೆಯೊಂದಿಗೆ ವಿಲೀನಗೊಳಿಸಬಹುದೇ ಎಂದು ಗ್ರಾಮ ಪಂಚಾಯಿತಿಯ ಅಭಿಪ್ರಾಯ ಕೇಳಿದ ಪತ್ರವೊಂದು ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಬಂತು. ಪತ್ರದ ಜೊತೆಗಿದ್ದುದು ಒಂದೇ ಒಂದು ಪಟ್ಟಿ: ಕೆಲವು ವರ್ಷಗಳ ದಾಖಲಾತಿ, ವರ್ಷದಿಂದ ವರ್ಷಕ್ಕೆ ಕೆಳಗಿಳಿದ ಅಂಕಿಗಳು. ಆ ವಾರ್ಡಿನ ಸದಸ್ಯೆಯಾಗಿ ನಾನು ಸಭೆಯಲ್ಲಿ ಮಾತನಾಡಬೇಕಿತ್ತು. ಶಾಲೆಯ ಹಾಜರಿ ಪುಸ್ತಕದಲ್ಲಿ ಇಲ್ಲದ ಮಕ್ಕಳು ಊರಿನಲ್ಲಿ ಎಷ್ಟಿದ್ದಾರೆ ಎಂಬುದನ್ನು ಆ ಪಟ್ಟಿ ಹೇಳುತ್ತಿರಲಿಲ್ಲವಾದ್ದರಿಂದ, ಮುಂದಿನ ಸಭೆಯವರೆಗೆ ಸಮಯ ಕೇಳಿ, ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಶಿಕ್ಷಕಿ ಅಕ್ಕೋರನ್ನೂ ಅಂಗನವಾಡಿ ಕಾರ್ಯಕರ್ತೆಯನ್ನೂ ಕರೆದುಕೊಂಡು ಮನೆ ಮನೆಗೆ ಹೊರಟೆ.

ನಮ್ಮ ಕರಾವಳಿಯಲ್ಲಿ ಶಾಲೆಗಳು ಬರಿದಾದ ಬಗೆಯನ್ನು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆ ಯೋಜನೆಗೆ ಅರಗಾ ಸುತ್ತಲಿನ ಊರುಗಳ ಮನೆ, ಗದ್ದೆ, ದಕ್ಕೆಗಳು ಹೋದವು. ಜನರು ತೋಡೂರಿನಂಥ ನಿರಾಶ್ರಿತರ ಕಾಲೊನಿಗಳಿಗೆ ಹಂಚಿಹೋದರು. ಅವರೊಂದಿಗೆ ಒಂದೊಂದು ಶಾಲೆಯ ಮಕ್ಕಳೂ ಹಲವು ಕಡೆ ಚದುರಿದರು. 2005ರಲ್ಲಿ ಆ ಯೋಜನೆಯ ನೌಕಾನೆಲೆ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ ಮೇಲೆ ನೌಕಾಪಡೆಯವರ ಕುಟುಂಬಗಳು ಬಂದವಾದರೂ ಅವರ ಮಕ್ಕಳು ನಮ್ಮ ಶಾಲೆಗೆ ಬರುವವರಲ್ಲ. ಉಳಿದ ಮನೆಗಳಲ್ಲಿ ಸಂಬಳ ಬರುವವರು ಮಕ್ಕಳನ್ನು ಹಳದಿ ವ್ಯಾನಿನಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಕಳುಹಿಸುತ್ತಾರೆ. ಇವೆಲ್ಲವೂ ನಿಜ, ಪಟ್ಟಿಯಲ್ಲಿದ್ದ ಇಳಿಕೆಯೂ ನಿಜ.

ಆದರೆ ಅದೇ ಊರಿಗೆ ಹೊಸಬರೂ ಬಂದಿದ್ದಾರೆ. ನೌಕಾನೆಲೆಯ ವಿಸ್ತರಣೆಯ ಕೆಲಸ, ಹೆದ್ದಾರಿಯ ಕೆಲಸ, ಬಂದರಿನ ಬೋಟುಗಳು, ಊರಿನವರು ಕಟ್ಟಿಸುತ್ತಿರುವ ಮನೆಗಳು, ಇವುಗಳಿಗೆಲ್ಲ ಕೊಪ್ಪಳ, ಗದಗ, ವಿಜಯಪುರದ ಕಡೆಯಿಂದಲೂ ಒಡಿಶಾ, ಜಾರ್ಖಂಡ್‌ಗಳಿಂದಲೂ ಜನ ಬರುತ್ತಾರೆ. ಬೋಟಿನ ಕೆಲಸಕ್ಕೆ ಬರುವವರಲ್ಲಿ ಒಂಟಿ ಗಂಡಸರೇ ಹೆಚ್ಚಾದರೂ ಗಾರೆ ಕೆಲಸದವರು ಸಂಸಾರ ಸಮೇತ ಬರುತ್ತಾರೆ. ನಾವು ಮೊದಲು ಹೋದದ್ದು ಅಂಥವರು ಬಾಡಿಗೆಗಿರುವ ಖೋಲಿಗಳ ಸಾಲಿಗೆ. ತೆಂಗಿನ ತೋಟವೊಂದರ ಹಿಂದೆ ಹಂಚಿನ ಮಾಡಿನ ಆ ಖೋಲಿಗಳ ಮುಂದೆ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ತಮ್ಮ ತಂಗಿ ತಮ್ಮಂದಿರನ್ನು ಎತ್ತಿಕೊಂಡು ನಿಂತಿದ್ದರು.

ಕೊಪ್ಪಳದ ಕಡೆಯ ತಾಯಿಯೊಬ್ಬಳು, ಮಗಳು ಊರಿನಲ್ಲಿ ಎರಡನೆಯ ತರಗತಿಯಲ್ಲಿ ಓದುತ್ತಿದ್ದಳೆಂದೂ ಟಿ.ಸಿ. ತಂದಿಲ್ಲವಾದ್ದರಿಂದ ಇಲ್ಲಿ ಸೇರಿಸಿಕೊಳ್ಳುವುದಿಲ್ಲವೆಂದು ಯಾರೋ ಹೇಳಿದರೆಂದೂ ತಿಳಿಸಿದಳು. “ದೀಪಾವಳಿ ಮಟ ಇಲ್ಲೇ ಇರ್ತೀವ್ರಿ ಅಕ್ಕಾರ, ಆಮ್ಯಾಲೆ ಮೇಸ್ತ್ರಿ ಎಲ್ಲಿಗೆ ಕರಿತಾನೋ ಅಲ್ಲಿಗೆ,” ಎಂದಳು. ಟಿ.ಸಿ. ತಡವಾದ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿಯೇ ಹೇಳಿದೆ. ಅಕ್ಕೋರು ಅಲ್ಲಿಯೇ ಹುಡುಗಿಯ ಹೆಸರು ಬರೆದುಕೊಂಡು, ಸೋಮವಾರ ಬೆಳಿಗ್ಗೆ ಕಳುಹಿಸಿ, ಊಟ ಶಾಲೆಯಲ್ಲಿಯೇ ಆಗುತ್ತದೆ ಎಂದರು. ಒಡಿಶಾದ ಕುಟುಂಬವೊಂದಕ್ಕೆ ಇದನ್ನೇ ಹಿಂದಿಯಲ್ಲಿ ತಿಳಿಸಲು ನಾವು ಮೂವರೂ ಸೇರಿ ಪ್ರಯತ್ನಿಸಬೇಕಾಯಿತು. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳಿಗೆ ಕನ್ನಡ ಕಲಿಸಿದ ಅನುಭವ ನಮ್ಮ ಶಿಕ್ಷಕರಿಗೆ ಮೊದಲಿನಿಂದಲೂ ಇದೆಯಾದ್ದರಿಂದ ಭಾಷೆಯ ಬಗ್ಗೆ ನನಗೆ ಹೆಚ್ಚಿನ ಆತಂಕವಿಲ್ಲ. ಮಗು ಶಾಲೆಯ ಬಾಗಿಲಿಗೆ ಬಾರದಿರುವುದೇ ದೊಡ್ಡ ಆತಂಕ.

ಈ ಮಕ್ಕಳು ಜೂನ್ ತಿಂಗಳ ದಾಖಲಾತಿ ಆಂದೋಲನದಲ್ಲಿ ಏಕೆ ಸಿಗಲಿಲ್ಲ ಎಂಬುದಕ್ಕೆ ಉತ್ತರ ನಮ್ಮ ಕಡಲಿನ ಪಂಚಾಂಗದಲ್ಲಿಯೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಳೆ ಹಿಡಿದರೆ ಗಾರೆ ಕೆಲಸವೂ ನಿಲ್ಲುತ್ತದೆ. ಬಯಲುಸೀಮೆಯವರು ಬಿತ್ತನೆಗೆಂದು ಊರಿಗೆ ಹೋಗುತ್ತಾರೆ. ಶಾಲೆ ತೆರೆದು ಶಿಕ್ಷಕರು ಮನೆ ಮನೆಗೆ ಬರುವ ಆ ದಿನಗಳಲ್ಲಿ ಖೋಲಿಗಳಿಗೆ ಬೀಗ ಬಿದ್ದಿರುತ್ತದೆ. ಆಗಸ್ಟಿನಲ್ಲಿ ಅವರು ಮರಳಿ ಬರುವಾಗ ನಮ್ಮ ಎಣಿಕೆ ಮುಗಿದಿರುತ್ತದೆ. ಇಡೀ ರಾಜ್ಯಕ್ಕೆ ಒಂದೇ ಆಂದೋಲನ ಇರುವುದು ತಪ್ಪಲ್ಲ, ಆದರೆ ಕರಾವಳಿಯ ಪಂಚಾಯಿತಿಗಳು ಅದರ ಮೇಲೆ ತಮ್ಮದೊಂದು ಆಗಸ್ಟಿನ ಎಣಿಕೆಯನ್ನು ಸೇರಿಸಿಕೊಳ್ಳದಿದ್ದರೆ ಈ ಮಕ್ಕಳು ಯಾವ ಪಟ್ಟಿಗೂ ಬರುವುದಿಲ್ಲ.

ಅಂದು ನನಗೆ ಎಲ್ಲಕ್ಕಿಂತ ಹೆಚ್ಚು ತಿಳಿಸಿದ್ದು ಅಂಗನವಾಡಿ ಕಾರ್ಯಕರ್ತೆಯ ಕೈಯಲ್ಲಿದ್ದ ಸಮೀಕ್ಷೆಯ ಪುಸ್ತಕ. ಹುಟ್ಟಿದ ಮಗುವಿನಿಂದ ಹಿಡಿದು ಆರು ವರ್ಷದೊಳಗಿನ ಪ್ರತಿ ಮಗುವಿನ ಹೆಸರು, ಮನೆ, ವಯಸ್ಸು ಅದರಲ್ಲಿ ಇದ್ದವು, ಖೋಲಿಗಳ ಮಕ್ಕಳನ್ನೂ ಬಿಟ್ಟಿರಲಿಲ್ಲ. ಇನ್ನು ಮೂರು ವರ್ಷಕ್ಕೆ ಒಂದನೆಯ ತರಗತಿಗೆ ಬರಬೇಕಾದವರು ಯಾರು ಎಂಬುದು ಅಲ್ಲಿ ಆಗಲೇ ಬರೆದಿತ್ತು. ಜನನ ನೋಂದಣಿಯಿಂದ ಇದು ಸಿಗುವುದಿಲ್ಲ. ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುತ್ತಾರೆ ಅಥವಾ ಪೇಟೆಯ ಆಸ್ಪತ್ರೆಗೆ ಹೋಗುತ್ತಾರೆ, ಜನನ ದಾಖಲಾಗುವುದು ಹೆರಿಗೆಯಾದ ಜಾಗದಲ್ಲಿ. ಅಂಗನವಾಡಿಯ ಪುಸ್ತಕ ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಶಾಲೆಯ ಮಕ್ಕಳ ಲೆಕ್ಕ ಶಿಕ್ಷಣ ಇಲಾಖೆಯದು. ನಮ್ಮಲ್ಲಿ ಅಂಗನವಾಡಿಯೂ ಶಾಲೆಯೂ ಒಂದೇ ಅಂಗಳದಲ್ಲಿದ್ದರೂ ಆ ಎರಡು ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ತೆರೆದಿಟ್ಟವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸಂಜೆ ಅಕ್ಕೋರ ಕೋಣೆಯಲ್ಲಿ ಅವೆರಡನ್ನೂ ಹೋಲಿಸಿದಾಗ, ಇಳಿಯುತ್ತಿದ್ದ ಸಂಖ್ಯೆ ಮುಂದಿನ ವರ್ಷಗಳಲ್ಲಿ ಮತ್ತೆ ಏರುವುದು ಕಾಣುತ್ತಿತ್ತು. ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ ಮೂವರು. ನಮ್ಮ ಶಾಲೆ ಅಷ್ಟಕ್ಕೆ ಏರದಿದ್ದರೂ ಇಬ್ಬರು ಶಿಕ್ಷಕರಿಗೆ ತಕ್ಕಷ್ಟು ಮಕ್ಕಳಂತೂ ಊರಿನಲ್ಲಿದ್ದರು.

ವಿಲೀನದ ಶಾಲೆಗೆ ಇರುವ ದೂರವನ್ನೂ ಅಂದೇ ನಡೆದು ನೋಡಿದೆವು. ಒಂದರಿಂದ ಐದನೆಯ ತರಗತಿಯವರಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂಬ ನಿಯಮವನ್ನು ನಕ್ಷೆಯ ಮೇಲಿನ ಗೆರೆ ಪೂರೈಸುತ್ತದೆ. ನೆಲದ ಮೇಲೆ ಆರು ವರ್ಷದ ಮಗು ಚತುಷ್ಪಥ ಹೆದ್ದಾರಿಯನ್ನು ದಾಟಬೇಕು, ಇಲ್ಲವೇ ಕೆಳಸೇತುವೆಯವರೆಗೆ ಸುತ್ತಿ ಬರಬೇಕು. ಮಳೆಗಾಲದಲ್ಲಿ ಆ ಕೆಳಸೇತುವೆಯಲ್ಲಿ ನೀರು ನಿಲ್ಲುತ್ತದೆ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಮೇಲೆ, ಕಡಿದ ಗುಡ್ಡದ ಬದಿಯಲ್ಲಿ ಮಕ್ಕಳನ್ನು ನಡೆಸಿಕೊಂಡು ಹೋಗಲು ನಮ್ಮ ತಾಯಂದಿರು ಹೆದರುತ್ತಾರೆ. ಪ್ರವಾಹ, ಭೂಕುಸಿತ, ದಾರಿಯ ಅಪಾಯ ಇರುವಲ್ಲಿ ದೂರದ ಮಿತಿಯನ್ನು ಕಡಿಮೆ ಮಾಡಿ ಶಾಲೆಯ ಜಾಗ ನಿರ್ಧರಿಸಬೇಕೆಂದು ಕೇಂದ್ರದ ಮಾದರಿ ನಿಯಮಗಳು ಹೇಳುವುದನ್ನು ನಾನು ಸಭೆಯಲ್ಲಿ ಓದಿ ಹೇಳಿದೆ.

ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು, ಶಿರಸಿ, ಸಿದ್ದಾಪುರದ ಕಡೆ ಎಷ್ಟೋ ಶಾಲೆಗಳಲ್ಲಿ ಮಕ್ಕಳೇ ಇಲ್ಲ, ನಮ್ಮದೂ ಅದೇ ದಾರಿ ಎಂದರು. ಘಟ್ಟದ ಮೇಲಿನ ಅಡಿಕೆ ತೋಟದ ಕೇರಿಗಳಿಂದ ಮಕ್ಕಳು ಬೆಂಗಳೂರಿಗೆ ಹೋದರೆ ಆ ಮನೆಗಳಿಗೆ ಬೇರೆಯವರು ಬರುವುದಿಲ್ಲ, ನಮ್ಮಲ್ಲಿ ಬರುತ್ತಾರೆ ಎಂದು ನಾನು ಹೇಳಿದೆ. “ಬಂದವರು ಮುಂದಿನ ವರ್ಷ ಇರ್ತಾರೆ ಅಂತ ಏನು ಗ್ಯಾರಂಟಿ ತಂಗಿ?” ಎಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಆ ಕುಟುಂಬ ಇರಲಿಕ್ಕಿಲ್ಲ, ಆದರೆ ಖೋಲಿ ಇರುತ್ತದೆ, ಅದಕ್ಕೆ ಇನ್ನೊಂದು ಕುಟುಂಬ ಬರುತ್ತದೆ ಎಂದೆ. ಕೆಲವು ವರ್ಷಗಳಿಂದ ಆ ಸಾಲು ನಿಷೇಧದ ತಿಂಗಳುಗಳನ್ನು ಬಿಟ್ಟರೆ ಖಾಲಿಯಾದದ್ದಿಲ್ಲ ಎಂಬುದನ್ನು ಬಾಡಿಗೆ ವಸೂಲಿ ಮಾಡುವ ಮನೆಯವರೇ ನನಗೆ ತಿಳಿಸಿದ್ದರು. ಶಾಲೆಯ ಜಾಗವನ್ನು ಯೋಜಿಸುವವರು ಇಂಥ ಊರಿನಲ್ಲಿ ಹೆಸರುಗಳ ಜೊತೆಗೆ ಮನೆಗಳನ್ನೂ ಎಣಿಸಬೇಕು ಎಂಬ ಮಾತಿಗೆ ಅವರು ತಲೆದೂಗಿದರು.

ಕಾಯ್ದೆಯ 9ನೇ ಕಲಮು ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವ, ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವ ಹೊಣೆಯನ್ನು ಸ್ಥಳೀಯ ಪ್ರಾಧಿಕಾರದ ಮೇಲೆ ಹೊರಿಸಿದೆ. ಅದನ್ನೇ ಆಧಾರವಾಗಿಟ್ಟು ಸಭೆ ನಿರ್ಣಯ ಮಾಡಿತು: ವಿಲೀನವನ್ನು ಈ ವರ್ಷ ಕೈಗೊಳ್ಳಬಾರದು, ಪಂಚಾಯಿತಿ ಜೂನ್ ಮತ್ತು ಆಗಸ್ಟ್ ಎರಡರಲ್ಲೂ ಮಕ್ಕಳನ್ನು ಎಣಿಸಬೇಕು, ಅಂಗನವಾಡಿ ಮತ್ತು ಶಾಲೆಯ ಪಟ್ಟಿಗಳನ್ನು ಜೋಡಿಸಿ ಮುಂದಿನ ಮೂರು ವರ್ಷದ ಅಂದಾಜಿನೊಂದಿಗೆ ಕಳುಹಿಸಬೇಕು. ಕೊಪ್ಪಳದ ಹುಡುಗಿ ಮತ್ತು ಅದೇ ಸಾಲಿನ ಇನ್ನು ಕೆಲವರು ಈಗ ಶಾಲೆಗೆ ಬರುತ್ತಿದ್ದಾರೆ. ನಿರ್ಣಯಕ್ಕೆ ಇನ್ನೂ ಉತ್ತರ ಬಂದಿಲ್ಲ. ಎರಡು ಪಟ್ಟಿಗಳನ್ನು ಜೋಡಿಸುವ ಕೆಲಸವನ್ನು ಅದಕ್ಕಾಗಿ ಕಾಯದೆ ಅಕ್ಕೋರು ಮತ್ತು ಅಂಗನವಾಡಿ ಕಾರ್ಯಕರ್ತೆ ಆರಂಭಿಸಿದ್ದಾರೆ, ಪಕ್ಕದ ಎರಡು ವಾರ್ಡುಗಳ ಸದಸ್ಯರೂ ತಮ್ಮ ಅಂಗನವಾಡಿಗಳ ಪುಸ್ತಕ ತರಿಸಿಕೊಂಡಿದ್ದಾರೆ.